ಅಜ್ಜಿಯ ಕೊಳಗ, ಗೋಪಾಲಗೌಡರ ಲೆಕ್ಕ

ದ್ವಿತೀಯ ಪಿಯುಸಿಯಲ್ಲಿ ಸಮಗ್ರ ಅರ್ಥಶಾಸ್ತ್ರವನ್ನು ನಾನು ಬಾಯಿಪಾಠ ಮಾಡಿ ಪಾಸಾದವಳು. ಒಟ್ಟು ದೇಶೀಯ ಉತ್ಪನ್ನ ಎಂದರೇನು, ತಲಾ ಆದಾಯ ಎಂದರೇನು, ಗುಣಕ ಎಂದರೇನು ಎಂದು ಯಾರಾದರೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅಂಕ ಬಂತು, ಅರ್ಥ ಮಾತ್ರ ಬರಲಿಲ್ಲ. ಆಮೇಲೆ ತೀರ್ಥಹಳ್ಳಿಯಲ್ಲಿ ಪದವಿ ಮುಗಿಸಿದೆ. ಈಗ ಎರಡು ವರ್ಷದಿಂದ ಹೊಸನಗರ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಖರ್ಚಿಗೆ ಅಂತ ಊರಿನ ನಾಲ್ಕು ಪಿಯುಸಿ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ.

ಕಳೆದ ಮಳೆಗಾಲದ ಒಂದು ಸಂಜೆ ತಲಾ ಆದಾಯದ ಪಾಠ ಮಾಡುತ್ತಿದ್ದೆ. ದೇಶದ ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಆದಾಯ ಸಿಗುತ್ತದೆ ಎಂದೆ. ಒಬ್ಬಳು ಹುಡುಗಿ ಪೆನ್ನು ಕೆಳಗಿಟ್ಟು, ತಮ್ಮ ಮನೆಯಲ್ಲಿ ಐದು ಜನ ಇದ್ದೇವೆ, ಹಾಗಾದರೆ ನಮ್ಮ ಐದು ಪಾಲು ಎಲ್ಲಿದೆ ಎಂದು ಕೇಳಿದಳು. ಅವಳು ತಮಾಷೆಗೆ ಕೇಳಿದ್ದಲ್ಲ. ಅವಳ ಅಪ್ಪ ಅಮ್ಮ ಇಬ್ಬರೂ ತೋಟದ ಕೂಲಿಗೆ ಹೋಗುವವರು. ಅದು ಸರಾಸರಿ ಲೆಕ್ಕ ಅಷ್ಟೇ ಎಂದು ಹೇಳಿ ಮುಂದಿನ ಪುಟ ತಿರುಗಿಸಿದೆ. ರಾತ್ರಿ ಊಟ ಸೇರಲಿಲ್ಲ.

ಅದೇ ವಾರ ಮನೆಯಲ್ಲಿ ಇನ್ನೊಂದು ಮಾತು ಎದ್ದಿತ್ತು. ನನ್ನನ್ನು ಬೆಂಗಳೂರಿನ ಕೋಚಿಂಗಿಗೆ ಕಳಿಸಲು ರಸ್ತೆ ಪಕ್ಕದ ಗದ್ದೆಯನ್ನು ಮಾರುವುದು ಅಪ್ಪನ ಯೋಚನೆ. ಕೊಳ್ಳುವವರೂ ಬಂದು ನೋಡಿ ಹೋಗಿದ್ದರು. ನನಗೂ ಒಳಗೊಳಗೇ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಎಂಬತ್ತು ದಾಟಿದ ಅಜ್ಜಿ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ಅಟ್ಟದಿಂದ ಒಂದು ಹಳೆಯ ಕೊಳಗ ಇಳಿಸಿಕೊಡಲು ನನಗೆ ಹೇಳಿದರು. ಧೂಳು ಒರೆಸಿ ನನ್ನ ಮುಂದೆ ಇಟ್ಟರು. ಮಾರುವ ಮೊದಲು ಈ ಗದ್ದೆ ನಮಗೆ ಹೇಗೆ ಬಂತೆಂದು ತಿಳಿದುಕೊಂಡಿರು ಎಂಬುದು ಅವರ ಮಾತಿನ ಸಾರ. ಅವರು ಹೇಳಿದ ಕತೆಯಲ್ಲಿ ಮತ್ತೆ ಮತ್ತೆ ಬಂದ ಹೆಸರು ಒಂದೇ: ಗೋಪಾಲಗೌಡರು.

ಶಾಂತವೇರಿ ಗೋಪಾಲಗೌಡ ಎಂಬ ಹೆಸರನ್ನು ನಾನು ಕೇಳಿದ್ದೆ. ಶಿವಮೊಗ್ಗದಲ್ಲಿ ಗೋಪಾಲಗೌಡ ಬಡಾವಣೆ ಇದೆ, ಬಸ್ಸಿನಲ್ಲಿ ಎಷ್ಟೋ ಸಲ ಹಾದು ಹೋಗಿದ್ದೇನೆ. ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಕಾಗೋಡು ಸತ್ಯಾಗ್ರಹ, 1951 ಎಂದು ಒಂದು ಸಾಲು ಓದಿದ್ದೆ. ಅಷ್ಟೇ ನನ್ನ ಜ್ಞಾನ. ಅಜ್ಜಿಯ ಮಾತು ಕೇಳಿದ ಮೇಲೆ ಗ್ರಂಥಾಲಯಕ್ಕೆ ಹೋಗಿ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ನನ್ನ ಪಿಯುಸಿ ಪಠ್ಯಪುಸ್ತಕದ ಒಂದೊಂದೇ ಅಧ್ಯಾಯ ಅಲ್ಲಿ ಎದುರಾಯಿತು. ಅದನ್ನು ನನ್ನಂತೆ ಓದುತ್ತಾ ಕೆಲಸ ಹುಡುಕುತ್ತಿರುವ ನಿಮ್ಮೊಂದಿಗೆ ಹಂಚಿಕೊಳ್ಳಬೇಕು ಅನ್ನಿಸಿತು.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಮನೆಯಲ್ಲಿ ಬಡತನ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಅವರಿಗಿನ್ನೂ ಹತ್ತೊಂಬತ್ತು ವರ್ಷ, ವಿದ್ಯಾರ್ಥಿ. ಚಳವಳಿಗೆ ಧುಮುಕಿ ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಸಮಾಜವಾದಿ ವಿಚಾರದ ಕಡೆಗೆ ವಾಲಿದರು. ರಾಮಮನೋಹರ ಲೋಹಿಯಾ ಅವರ ಮನಸ್ಸಿಗೆ ಹಿಡಿಸಿದ ನಾಯಕ. ಸ್ವಾತಂತ್ರ್ಯ ಬಂದು ಅಧಿಕಾರ ಕೈಗೆ ಸಿಗುವ ಕಾಲದಲ್ಲಿ ಅವರು ಆರಿಸಿಕೊಂಡದ್ದು ಅಧಿಕಾರವಿಲ್ಲದ ಪಕ್ಷವನ್ನು. ನಾವು ಕೋಚಿಂಗ್ ಸೇರುವ ವಯಸ್ಸಿನಲ್ಲಿ ಅವರು ಮಲೆನಾಡಿನ ಗೇಣಿದಾರರ ಜಗಲಿಗಳಲ್ಲಿ ಕುಳಿತು ಮಾತಾಡುತ್ತಿದ್ದರು.

ಆ ಕಾಲದ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಭೂಮಿಯ ಒಡೆಯರು ಒಬ್ಬರು, ಉಳುವವರು ಇನ್ನೊಬ್ಬರು. ಉಳುವವರು ಬೆಳೆದ ಭತ್ತದಲ್ಲಿ ಒಡೆಯರಿಗೆ ಗೇಣಿ ಅಳೆಯಬೇಕು. ಅಳೆಯುವ ಪಾತ್ರೆ ಕೊಳಗ. ಸಾಗರ ತಾಲೂಕಿನ ಕಾಗೋಡಿನಲ್ಲಿ ಜಗಳ ಹತ್ತಿದ್ದು ಈ ಕೊಳಗದ ಗಾತ್ರದ ಮೇಲೆ. ನಿಗದಿಯಾದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಗೇಣಿ ಅಳೆಸಿಕೊಳ್ಳುತ್ತಾರೆ ಎಂಬುದು ಗೇಣಿದಾರರ ದೂರು. ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಎಚ್. ಗಣಪತಿಯಪ್ಪನವರು ಅವರನ್ನು ರೈತ ಸಂಘವಾಗಿ ಒಗ್ಗೂಡಿಸಿದ್ದರು.

ಲೆಕ್ಕಕ್ಕೆ ನಾನೇ ಒಂದು ಉದಾಹರಣೆ ಹಾಕಿಕೊಂಡೆ. ಒಂದು ಮನೆ ವರ್ಷಕ್ಕೆ ಹತ್ತು ಖಂಡುಗ ಗೇಣಿ ಕೊಡಬೇಕು ಎಂದುಕೊಳ್ಳಿ. ಖಂಡುಗಕ್ಕೆ ಇಪ್ಪತ್ತು ಕೊಳಗದಂತೆ 200 ಕೊಳಗ. ಕೊಳಗ ಮೂರು ಸೇರಿನದಾದರೆ 600 ಸೇರು. ಅದೇ ಕೊಳಗ ನಾಲ್ಕು ಸೇರು ಹಿಡಿಯುವಂತಿದ್ದರೆ 800 ಸೇರು. ಕಾಗದದ ಮೇಲೆ ಎರಡೂ ಹತ್ತೇ ಖಂಡುಗ, ಆದರೆ ಕಣಜದಿಂದ 200 ಸೇರು ಹೆಚ್ಚಿಗೆ ಹೋಗಿರುತ್ತದೆ.

ನನಗೆ ಮೊದಲು ಹೊಳೆದದ್ದು ಇಲ್ಲಿಯೇ. ನಾಮಮಾತ್ರ ಮೌಲ್ಯ, ನೈಜ ಮೌಲ್ಯ ಎಂದು ಪುಸ್ತಕದಲ್ಲಿ ಎರಡು ಶಬ್ದಗಳಿದ್ದವು. ಹತ್ತು ಖಂಡುಗ ಎನ್ನುವುದು ನಾಮಮಾತ್ರ. ಎಷ್ಟು ಸೇರು ಹೋಯಿತು ಎನ್ನುವುದು ನೈಜ. ಹಣದುಬ್ಬರವೂ ಇದೇ ಜಾತಿಯದು, ದಿಕ್ಕು ಮಾತ್ರ ಬೇರೆ. ಕಾಗೋಡಿನಲ್ಲಿ ಕೊಳಗ ಹಿಗ್ಗಿತ್ತು. ಬೆಲೆ ಏರಿದಾಗ ರೂಪಾಯಿಯ ಕೊಳಗ ಕುಗ್ಗುತ್ತದೆ. ಕಳೆದ ವರ್ಷ ದಿನಕ್ಕೆ 500 ರೂಪಾಯಿ ಕೂಲಿ ಇದ್ದವರಿಗೆ ಈ ವರ್ಷವೂ 500 ರೂಪಾಯಿಯೇ ಕೊಟ್ಟು, ಸಾಮಾನಿನ ಬೆಲೆ ಶೇ 6ರಷ್ಟು ಏರಿದ್ದರೆ ಅವರ ಕೂಲಿ ಇಳಿದಂತೆಯೇ. ಚೀಟಿಯಲ್ಲಿ ಅದು ಕಾಣುವುದಿಲ್ಲ, ಅಂಗಡಿಯಲ್ಲಿ ಕಾಣುತ್ತದೆ. ಇವತ್ತು ರಿಸರ್ವ್ ಬ್ಯಾಂಕ್ ಗ್ರಾಹಕ ಬೆಲೆ ಏರಿಕೆಯನ್ನು ಶೇ 4ರ ಆಸುಪಾಸಿನಲ್ಲಿ, ಎರಡರಷ್ಟು ಆಚೀಚೆಯ ಮಿತಿಯಲ್ಲಿ ಇಡಬೇಕು ಎಂಬ ಗುರಿ ಇರುವುದು ಇದಕ್ಕಾಗಿ. ಅಳತೆಯ ಪಾತ್ರೆ ಸ್ಥಿರವಾಗಿರಲಿ ಎಂದು.

1951ರ ಏಪ್ರಿಲ್ 18ರಂದು ಕಾಗೋಡಿನ ಗೇಣಿದಾರರು ನೇಗಿಲು ಹಿಡಿದು ಗದ್ದೆಗೆ ಇಳಿದರು. ಉಳಲು ಬಿಡದ ಗದ್ದೆಯಲ್ಲಿ ಉಳುವುದೇ ಸತ್ಯಾಗ್ರಹ. ಪೊಲೀಸರು ಬಂಧಿಸಿದರು. ಮರುದಿನ ಇನ್ನೊಂದು ತಂಡ. ಸಮಾಜವಾದಿ ಪಕ್ಷ ಹೋರಾಟಕ್ಕೆ ಹೆಗಲು ಕೊಟ್ಟಿತು, ಗೋಪಾಲಗೌಡರು ಅದರ ಮುಂಚೂಣಿಯಲ್ಲಿದ್ದರು. ಜೂನ್ ತಿಂಗಳಲ್ಲಿ ಲೋಹಿಯಾ ಸ್ವತಃ ಬಂದು, ಬಂಧನಕ್ಕೊಳಗಾದರು. ನೂರಾರು ಜನ ಜೈಲು ಕಂಡರು. ಅಜ್ಜಿಗೆ ಆಗ ಏಳೆಂಟು ವರ್ಷ, ಅವರ ತವರು ಸಾಗರ ತಾಲೂಕಿನ ಒಂದು ಹಳ್ಳಿ. ಮನೆಯ ಗಂಡಸರು ರಾತ್ರಿ ಪಿಸುಮಾತಿನಲ್ಲಿ ಚರ್ಚೆ ಮಾಡುತ್ತಿದ್ದುದು, ಅವರಮ್ಮ ದೀಪ ಆರಿಸುತ್ತಿದ್ದುದು ಅವರಿಗೆ ನೆನಪಿದೆ.

ಇಲ್ಲಿ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಅಂತಿಮ ಸರಕು ಮತ್ತು ಸೇವೆಗಳ ಒಟ್ಟು ಮೌಲ್ಯವೇ ಜಿಡಿಪಿ. ಕಾಗೋಡಿನ ಗದ್ದೆಯಲ್ಲಿ ಬೆಳೆದ ಭತ್ತ ಅದರೊಳಗೆ ಸೇರುತ್ತದೆ. ಕೊಳಗ ಮೂರು ಸೇರಿನದಿರಲಿ, ನಾಲ್ಕು ಸೇರಿನದಿರಲಿ, ಬೆಳೆದ ಭತ್ತ ಅಷ್ಟೇ. ಅಂದರೆ ಆ ಜಗಳದ ಗೆಲುವು ಸೋಲಿನಿಂದ ಆ ವರ್ಷದ ಜಿಡಿಪಿ ಒಂದು ಸೇರೂ ಹೆಚ್ಚು ಕಡಿಮೆ ಆಗುವುದಿಲ್ಲ. ಆದರೆ ಗೇಣಿದಾರನ ಮಕ್ಕಳು ಶ್ರಾವಣದಲ್ಲಿ ಉಣ್ಣುತ್ತಾರೋ ಇಲ್ಲವೋ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಪುಸ್ತಕದಲ್ಲಿ ಆದಾಯದ ವರ್ತುಲ ಪ್ರವಾಹದ ಚಿತ್ರ ಇರುತ್ತದೆಯಲ್ಲ, ಉತ್ಪಾದನೆಯ ಮೌಲ್ಯವೆಲ್ಲ ಗೇಣಿ, ಕೂಲಿ, ಬಡ್ಡಿ, ಲಾಭ ಎಂಬ ನಾಲ್ಕು ಕಾಲುವೆಗಳಲ್ಲಿ ಮನೆಗಳಿಗೆ ಹರಿಯುತ್ತದೆ ಎಂದು? ಆ ಚಿತ್ರ ಕಾಲುವೆಗಳನ್ನು ತೋರಿಸುತ್ತದೆ. ತೂಬು ಯಾರ ಕೈಯಲ್ಲಿದೆ ಎಂದು ತೋರಿಸುವುದಿಲ್ಲ. ಗೋಪಾಲಗೌಡರು ಜೀವಮಾನವೆಲ್ಲ ಮಾತಾಡಿದ್ದು ತೂಬಿನ ಬಗ್ಗೆ.

ಸತ್ಯಾಗ್ರಹದ ಮರುವರ್ಷ, 1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ಎದುರಾಳಿ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ್. ಹಣವಿಲ್ಲ, ವಾಹನವಿಲ್ಲ. ಮತದ ಜೊತೆಗೆ ನೋಟನ್ನೂ ಜನರಿಂದಲೇ ಕೇಳಿ ಚುನಾವಣೆ ಎದುರಿಸುತ್ತಿದ್ದರು ಎಂಬ ಮಾತು ಮಲೆನಾಡಿನಲ್ಲಿ ಇವತ್ತಿಗೂ ಇದೆ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಗೆದ್ದು ವಿಧಾನಸಭೆ ಪ್ರವೇಶಿಸಿದರು. 1957ರಲ್ಲಿ ಸೋತರು. 1962ರಲ್ಲಿ ಮತ್ತು 1967ರಲ್ಲಿ ಮತ್ತೆ ಗೆದ್ದರು. ಮೂರು ಸಲವೂ ವಿರೋಧ ಪಕ್ಷದ ಬೆಂಚು. ಒಂದು ದಿನವೂ ಮಂತ್ರಿಯಾಗಲಿಲ್ಲ.

ವಿರೋಧ ಪಕ್ಷದ ಶಾಸಕ ಏನು ಮಾಡಬಲ್ಲ ಎಂದು ನಾನು ಯೋಚಿಸಿದ್ದುಂಟು. ಬಜೆಟ್ ಅಧ್ಯಾಯ ಮತ್ತೆ ತೆರೆದು ನೋಡಿದೆ. ಸರ್ಕಾರ ಒಂದು ರೂಪಾಯಿ ಖರ್ಚು ಮಾಡಬೇಕಾದರೂ ಶಾಸನಸಭೆಯ ಒಪ್ಪಿಗೆ ಬೇಕು. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಗಳಿಗೆ ಹೋಗುವುದು ರಾಜಸ್ವ ವೆಚ್ಚ. ರಸ್ತೆ, ಸೇತುವೆ, ಅಣೆಕಟ್ಟು, ಶಾಲಾ ಕಟ್ಟಡದಂತಹ ಬಾಳುವ ಆಸ್ತಿಗೆ ಹೋಗುವುದು ಬಂಡವಾಳ ವೆಚ್ಚ. ಆ ಹಣ ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂದು ಎದ್ದು ನಿಂತು ಕೇಳುವವರಿಲ್ಲದಿದ್ದರೆ ಬಜೆಟ್ ಬರೀ ಅಂಕಿಗಳ ಪಟ್ಟಿ. ಗೋಪಾಲಗೌಡರು ಸದನದಲ್ಲಿ ಮಾತಿಗೆ ನಿಂತರೆ ಆಡಳಿತ ಪಕ್ಷದವರೂ ಕಿವಿಗೊಡುತ್ತಿದ್ದರು ಎಂದು ಅವರನ್ನು ಬಲ್ಲವರು ಬರೆದಿದ್ದಾರೆ. ಅವರು ಎತ್ತಿದ ಗೇಣಿಯ ಪ್ರಶ್ನೆಗೆ ಉತ್ತರ ಕಂತು ಕಂತಾಗಿ ಬಂತು. 1952ರಲ್ಲಿ ಮೈಸೂರು ಗೇಣಿ ಕಾಯ್ದೆ. ಆಮೇಲೆ ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪನವರ ಕಾಲದಲ್ಲಿ ಇನಾಂ ರದ್ದತಿ. 1961ರ ಭೂಸುಧಾರಣಾ ಕಾಯ್ದೆ, ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಕಾಯ್ದೆಗಳಿದ್ದವು, ಆದರೆ ಅವುಗಳ ಸಂದುಗಳಲ್ಲಿ ನುಸುಳಲು ಒಡೆಯರಿಗೆ ದಾರಿಗಳೂ ಇದ್ದವು.

ವಿದ್ಯಾರ್ಥಿನಿಯ ಪ್ರಶ್ನೆಗೆ ಉಳಿದರ್ಧ ಉತ್ತರ ಸಿಕ್ಕಿದ್ದು 1963ರ ಲೋಕಸಭೆಯಲ್ಲಿ. ಆ ವರ್ಷ ಉಪಚುನಾವಣೆಯಲ್ಲಿ ಗೆದ್ದು ಬಂದ ಲೋಹಿಯಾ, ದೇಶದ ಶೇ 60ರಷ್ಟು ಜನ, ಅಂದರೆ 27 ಕೋಟಿ ಮಂದಿ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ವಾದಿಸಿದರು. ಪ್ರಧಾನಿ ನೆಹರೂ ಅದು ಹದಿನೈದಾಣೆ ಎಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹದಿನೈದಾಣೆ ಎಂಬುದು ಇಡೀ ದೇಶದ ಸರಾಸರಿ. ಅದರೊಳಗೆ ಗಿರಣಿ ಮಾಲೀಕರೂ ಇದ್ದಾರೆ, ಭಿಕ್ಷುಕರೂ ಇದ್ದಾರೆ. ಲೋಹಿಯಾ ಹೇಳುತ್ತಿದ್ದುದು ಕೆಳಗಿನ ಅರುವತ್ತು ಭಾಗದವರ ಲೆಕ್ಕ. ಮೂರಾಣೆಯ ಅಂಕಿ ಎಷ್ಟು ನಿಖರ ಎಂಬ ಬಗ್ಗೆ ವಾದ ನಡೆಯಿತು. ಆದರೆ ಸರಾಸರಿಯ ಹಿಂದೆ ಏನು ಅಡಗಿದೆ ಎಂಬ ಪ್ರಶ್ನೆಯನ್ನು ಆಮೇಲೆ ಯಾರೂ ತಳ್ಳಿಹಾಕುವಂತಿರಲಿಲ್ಲ. ಹತ್ತು ಮನೆಯ ಒಂದು ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ 91,000 ರೂಪಾಯಿ, ಉಳಿದ ಒಂಬತ್ತು ಮನೆಗೆ ತಲಾ 1,000 ರೂಪಾಯಿ ಬಂದರೆ ಸರಾಸರಿ 10,000. ಆ ಹಳ್ಳಿಯಲ್ಲಿ 10,000 ರೂಪಾಯಿ ಬರುವ ಮನೆ ಒಂದೂ ಇಲ್ಲ. ನನ್ನ ಹುಡುಗಿ ಕೇಳಿದ ಐದು ಪಾಲು ಹೀಗೆ ಎಲ್ಲೋ ಇರುತ್ತದೆ, ಅವಳ ಮನೆಯಲ್ಲಿ ಇರುವುದಿಲ್ಲ. ಎಲ್ಲೋ ಇದೆ ಎಂದು ತಿಳಿಸುವಷ್ಟಕ್ಕೆ ತಲಾ ಆದಾಯ ಉಪಯುಕ್ತ. ಅದಕ್ಕಿಂತ ಹೆಚ್ಚನ್ನು ಅದರಿಂದ ಕೇಳಬಾರದು.

ಅದೇ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಇನ್ನೊಂದು ದೊಡ್ಡ ಲೆಕ್ಕ ನಡೆದಿತ್ತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದರು, 1964ರಲ್ಲಿ ಪೂರ್ತಿಯಾಯಿತು. ರಾಜ್ಯದ ಮನೆಗಳಿಗೆ, ಕಾರ್ಖಾನೆಗಳಿಗೆ ವಿದ್ಯುತ್ ಹೋಯಿತು. ಸಾಗರ, ಹೊಸನಗರದ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು, ಜನ ಗಂಟು ಕಟ್ಟಿಕೊಂಡು ಕಾಡಿನ ಅಂಚುಗಳಿಗೆ ಹೋದರು. ಉತ್ಪಾದನೆಯಾದ ಪ್ರತಿ ಯೂನಿಟ್ ವಿದ್ಯುತ್ತೂ ಜಿಡಿಪಿಗೆ ಸೇರುತ್ತದೆ. ಯಂತ್ರಗಳು ಸವೆದದ್ದನ್ನು ಸವಕಳಿ ಎಂದು ಕಳೆದರೆ ನಿವ್ವಳ ಉತ್ಪನ್ನ ಸಿಗುತ್ತದೆ. ಆದರೆ ಮುಳುಗಿದ ಕಾಡನ್ನು, ಒಡೆದ ಊರನ್ನು ಆ ಸವಕಳಿಯಲ್ಲಿ ಯಾರೂ ಕಳೆಯುವುದಿಲ್ಲ. ಹಾಗಂತ ಅಣೆಕಟ್ಟು ಬೇಡವಿತ್ತು ಎಂದು ನಾನು ಹೇಳುವುದಿಲ್ಲ. ನಾನು ರಾತ್ರಿ ಓದುವುದೂ ಅದೇ ವಿದ್ಯುತ್ತಿನ ದೀಪದಲ್ಲಿ. ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಕಡಿಮೆ ಇದೆ ಎಂದಷ್ಟೇ ಹೇಳುತ್ತೇನೆ. ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ಬಂದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಆ ಭಾಗದ ಜನ ಲಾಂಚ್ ಕಾದು ನಿಂತ ಗಂಟೆಗಳೂ ಆ ಕಾಣೆಯಾದ ಪುಟದಲ್ಲಿಯೇ ಇವೆ.

ಗೋಪಾಲಗೌಡರಿಗೆ ರಾಜಕೀಯ ಒಂದೇ ಲೋಕವಾಗಿರಲಿಲ್ಲ. ಸಂಗೀತ ಕೇಳುತ್ತಿದ್ದರು, ಸಾಹಿತ್ಯ ಓದುತ್ತಿದ್ದರು, ಬರಹಗಾರರು ಅವರ ಸುತ್ತ ಸೇರುತ್ತಿದ್ದರು. ತೀರ್ಥಹಳ್ಳಿ ತಾಲೂಕಿನವರೇ ಆದ ಯು.ಆರ್. ಅನಂತಮೂರ್ತಿ ಬರೆದ ಅವಸ್ಥೆ ಕಾದಂಬರಿಯಲ್ಲಿ ಅವರ ಬದುಕಿನ ನೆರಳಿದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕೆಂದು ಸದನದಲ್ಲಿ ಪಟ್ಟು ಹಿಡಿದವರಲ್ಲಿ ಅವರೂ ಒಬ್ಬರು. ಆದರೆ ದೇಹ ಕೈಕೊಟ್ಟಿತು. ದೀರ್ಘ ಕಾಯಿಲೆಯ ನಂತರ 1972ರ ಜೂನ್ 9ರಂದು ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು. ಮರುವರ್ಷ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕವಾಯಿತು. ದೇವರಾಜ ಅರಸು ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯ್ದೆಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂದು, ಉಳುವವರು ಒಡೆತನಕ್ಕೆ ಅರ್ಜಿ ಹಾಕಿಕೊಳ್ಳುವಂತಾಯಿತು. ಅವರು ಯಾವುದಕ್ಕಾಗಿ ನಡೆದಾಡಿದರೋ ಅವೆರಡನ್ನೂ ಅವರು ನೋಡಲಿಲ್ಲ.

ನನ್ನ ಅಜ್ಜ ಆಗ ನಮೂನೆ ಏಳರ ಅರ್ಜಿ ಹಾಕಿದರು. ಭೂನ್ಯಾಯಮಂಡಳಿಯ ಮುಂದೆ ನಿಂತಾಗ ಕಾಲು ನಡುಗುತ್ತಿತ್ತಂತೆ. ರಸ್ತೆ ಪಕ್ಕದ ಈ ಗದ್ದೆಯೂ ಮೇಲಿನ ಸ್ವಲ್ಪ ಜಾಗವೂ ಅವರ ಹೆಸರಿಗೆ ಬಂತು. ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಮೇಲಿನ ಜಾಗದಲ್ಲಿ ಅಡಿಕೆ ಸಸಿ ನೆಟ್ಟದ್ದು. ಇದರಲ್ಲಿ ಒಂದು ಅರ್ಥಶಾಸ್ತ್ರವಿದೆ. ಅಡಿಕೆ ಫಸಲು ಕೊಡಲು ಐದಾರು ವರ್ಷ ಬೇಕು. ಮುಂದಿನ ವರ್ಷ ಒಕ್ಕಲೆಬ್ಬಿಸಬಹುದಾದ ಭೂಮಿಯಲ್ಲಿ ಯಾರೂ ಅಡಿಕೆ ನೆಡುವುದಿಲ್ಲ, ಭತ್ತ ಬಿತ್ತುತ್ತಾರೆ ಅಷ್ಟೇ. ಹೂಡಿಕೆಗೆ ಹಣ ಎಷ್ಟು ಬೇಕೋ ನಾಳೆಯ ಮೇಲಿನ ಭರವಸೆಯೂ ಅಷ್ಟೇ ಬೇಕು. ಕೊಳಗದ ಜಗಳ ಆ ವರ್ಷದ ಜಿಡಿಪಿಯನ್ನು ಬದಲಿಸಲಿಲ್ಲ ಎಂದೆನಲ್ಲ, ಕಾಲಾನಂತರದಲ್ಲಿ ಹೀಗೆ ಬದಲಿಸಿತು.

ಇನ್ನೊಂದು ದಾರಿಯೂ ಇದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಪ್ರಕಟಿಸಿದ ಪುಸ್ತಕದಿಂದ ನಮ್ಮ ಪಠ್ಯಕ್ಕೆ ಬಂದದ್ದು ಗುಣಕದ ಪಾಠ. ಹೆಚ್ಚಾಗಿ ಬಂದ ಪ್ರತಿ ರೂಪಾಯಿಯಲ್ಲಿ ಎಷ್ಟು ಖರ್ಚಾಗುತ್ತದೆ ಎಂಬುದು ಸೀಮಾಂತ ಅನುಭೋಗ ಪ್ರವೃತ್ತಿ. ಜನ 80 ಪೈಸೆ ಖರ್ಚು ಮಾಡಿದರೆ ಗುಣಕ ಐದು, 50 ಪೈಸೆ ಮಾಡಿದರೆ ಎರಡು. ಒಬ್ಬರ ಖರ್ಚು ಇನ್ನೊಬ್ಬರ ಆದಾಯ, ಅದಕ್ಕೇ ಹೀಗೆ ಬೆಳೆಯುತ್ತದೆ. ಬಡವರ ಕೈಗೆ ಬಂದ ರೂಪಾಯಿ ಹೆಚ್ಚು ಕಾಲ ಕೈಯಲ್ಲಿ ನಿಲ್ಲುವುದಿಲ್ಲ. ಅಜ್ಜ ಮೊದಲ ಸಲ ಗೇಣಿ ಅಳೆಯದ ವರ್ಷ ಮನೆಯವರಿಗೆಲ್ಲ ಬಟ್ಟೆ ತಂದರು, ಹೆಂಚು ಕೊಂಡರು, ಅಪ್ಪನಿಗೆ ಸ್ಲೇಟು ತಂದರು. ಬಟ್ಟೆ ಅಂಗಡಿಯವರು, ಗಾಡಿ ಹೊಡೆಯುವವರು, ಬಡಗಿ ಎಲ್ಲರಿಗೂ ಅದರ ಪಾಲು ಹೋಯಿತು. ತೆರಿಗೆ, ಹೊರಗಿನಿಂದ ತರುವ ಸರಕು, ಬೆಲೆ ಏರಿಕೆ ಎಲ್ಲ ಸೇರಿಸಿದರೆ ನಿಜಜೀವನದ ಗುಣಕ ಪುಸ್ತಕದ್ದಕ್ಕಿಂತ ಬಹಳ ಚಿಕ್ಕದು ಎಂಬುದೂ ಗೊತ್ತಿರಲಿ. ಪರೀಕ್ಷೆಯಲ್ಲಿ ಐದು ಎಂದು ಬರೆಯಿರಿ, ಬದುಕಿನಲ್ಲಿ ಐದು ಎಂದು ನಂಬಬೇಡಿ.

ಎಲ್ಲವೂ ಒಳ್ಳೆಯದೇ ಆಯಿತು ಎಂದರೆ ತಪ್ಪಾಗುತ್ತದೆ. ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರು, ಸಣ್ಣ ಒಡೆಯರು ಆ ಕಾಯ್ದೆಯಲ್ಲಿ ಇದ್ದುದನ್ನು ಕಳೆದುಕೊಂಡರು. ಗೇಣಿ ಚೀಟಿಯೇ ಇಲ್ಲದ ಕೂಲಿಕಾರರಿಗೆ ಗೇಣಿ ರದ್ದತಿಯಿಂದ ಏನೂ ಸಿಗಲಿಲ್ಲ. ನನ್ನ ವಿದ್ಯಾರ್ಥಿನಿಯ ಅಜ್ಜ ಅಂಥವರಲ್ಲೊಬ್ಬರು. ನನ್ನ ಅಜ್ಜನಿಗೆ ಗದ್ದೆ ಬಂತು, ಅವಳ ಅಜ್ಜನಿಗೆ ಬರಲಿಲ್ಲ. ಐವತ್ತು ವರ್ಷದ ನಂತರ ನಾನು ಪಾಠ ಹೇಳುತ್ತಿದ್ದೇನೆ, ಅವಳು ಪ್ರಶ್ನೆ ಕೇಳುತ್ತಿದ್ದಾಳೆ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ.

ಕೆಲಸ ಹುಡುಕುವ ನಮ್ಮದೇ ಲೆಕ್ಕ ಒಂದನ್ನು ಹೇಳಿ ಮುಗಿಸುತ್ತೇನೆ. ಸರ್ಕಾರದ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಕಳೆದ ಏಳು ದಿನಗಳಲ್ಲಿ ಒಂದು ದಿನ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ. ನಾನು ಸಂಜೆ ಪಾಠ ಹೇಳುತ್ತೇನೆ, ಅಡಿಕೆ ಸುಲಿಯಲು ಕೂರುತ್ತೇನೆ. ಹಾಗಾಗಿ ಆ ಲೆಕ್ಕದಲ್ಲಿ ನಾನು ನಿರುದ್ಯೋಗಿಯಲ್ಲ. ಕೆಲಸ ಹುಡುಕಿ ಸೋತು, ಹುಡುಕುವುದನ್ನೇ ಬಿಟ್ಟು, ಕೆಲಸಕ್ಕೆ ಸಿದ್ಧವಿಲ್ಲ ಎಂದವರು ದುಡಿಯುವ ಪಡೆಯಿಂದಲೇ ಹೊರಗೆ, ಅವರೂ ನಿರುದ್ಯೋಗಿಗಳಲ್ಲ. ನಾಲ್ವರು ಮಾಡಬಹುದಾದ ಗದ್ದೆ ಕೆಲಸಕ್ಕೆ ಮನೆಯ ಆರು ಜನ ಇಳಿದರೆ ಆ ಹೆಚ್ಚಿನ ಇಬ್ಬರದು ಮರೆಮಾಚಿದ ನಿರುದ್ಯೋಗ. ಇದನ್ನು ಮೋಸ ಎಂದು ನಾನು ಹೇಳುವುದಿಲ್ಲ. ಪ್ರತಿ ಅಳತೆಗೂ ಒಂದು ಗಡಿ ಬೇಕಾಗುತ್ತದೆ. ಆದರೆ ಪತ್ರಿಕೆಯಲ್ಲಿ ನಿರುದ್ಯೋಗದ ಪ್ರಮಾಣ ಇಷ್ಟು ಎಂದು ಓದಿದಾಗ ಯಾವ ಕೊಳಗದಲ್ಲಿ ಅಳೆದರು ಎಂದು ಒಮ್ಮೆ ಕೇಳಿಕೊಳ್ಳಿ. ಸಂದರ್ಶನದಲ್ಲಿ ಇದು ಉಪಯೋಗಕ್ಕೆ ಬಂದೀತು. ಬಾರದಿದ್ದರೂ, ಕೆಲಸ ಸಿಗದ್ದಕ್ಕೆ ನಮ್ಮನ್ನೇ ನಾವು ಹಳಿದುಕೊಳ್ಳುವ ರಾತ್ರಿಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಮರುವಾರ ಕೊಳಗವನ್ನು ಪಾಠದ ಕೋಣೆಗೆ ತಂದೆ. ಪಕ್ಕದಲ್ಲಿ ಸ್ವಲ್ಪ ಚಿಕ್ಕ ಪಾತ್ರೆಯೊಂದನ್ನು ಇಟ್ಟು ಮಕ್ಕಳಿಂದ ಅಕ್ಕಿ ಅಳೆಸಿದೆ. ಹತ್ತು ಅಳತೆ ಎಂಬ ಮಾತು ಎರಡು ರಾಶಿಯಾಗಿ ಅವರ ಮುಂದೆ ಬಿತ್ತು. ಆ ಹುಡುಗಿಯ ಪ್ರಶ್ನೆಗೆ ಅವತ್ತು ಸರಿಯಾಗಿ ಉತ್ತರ ಕೊಟ್ಟೆ, ಗೊತ್ತಿಲ್ಲದೆ ಪುಟ ತಿರುಗಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಅವಳು ನಕ್ಕು, ಗೋಪಾಲಗೌಡರ ಬಗ್ಗೆ ಪುಸ್ತಕ ಇದ್ದರೆ ಕೊಡಿ ಎಂದಳು.

ಗದ್ದೆ ಮಾರುವ ಮಾತು ನಿಂತಿದೆ. ಅಪ್ಪನಿಗೆ ನಾನೇ ಬೇಡವೆಂದೆ. ಒಂದು ಆಯ್ಕೆಗಾಗಿ ಕೈಬಿಟ್ಟ ಇನ್ನೊಂದರ ಬೆಲೆಯನ್ನು ಅವಕಾಶ ವೆಚ್ಚ ಎನ್ನುತ್ತಾರೆ. ಅದು ಸೂಕ್ಷ್ಮ ಅರ್ಥಶಾಸ್ತ್ರದ ಪಾಠ, ಅದನ್ನೂ ನಾನು ಬಾಯಿಪಾಠ ಮಾಡಿದ್ದೆ. ಒಂದು ವರ್ಷದ ಕೋಚಿಂಗಿಗೆ ಆ ಗದ್ದೆಯ ಬೆಲೆ ಬಹಳ ಹೆಚ್ಚು ಅನ್ನಿಸಿತು. ಈಗ ಬೆಳಿಗ್ಗೆ ಬಸ್ಸು ಹಿಡಿದು ಹೊಸನಗರದ ಗ್ರಂಥಾಲಯಕ್ಕೆ ಹೋಗುತ್ತೇನೆ, ಸಂಜೆ ಪಾಠ ಹೇಳುತ್ತೇನೆ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಕೊಳಗವನ್ನು ಅಜ್ಜಿ ಮತ್ತೆ ಅಟ್ಟಕ್ಕೆ ಏರಿಸಲು ಬಿಡಲಿಲ್ಲ. ನನ್ನ ಓದುವ ಮೇಜಿನ ಮೇಲೆಯೇ ಇದೆ, ಪೆನ್ನುಗಳನ್ನು ಅದರಲ್ಲಿ ಇಟ್ಟುಕೊಂಡಿದ್ದೇನೆ.